ಹಲವು ಕೈಗಳ ಕೌದಿ: ಮನೆಯವರು, ಗೆಳೆಯರೊಡನೆ ಕೂಡಿ ಹೊಲಿಯುವ ಬಗೆ

ಕೌದಿಯಲ್ಲಿ ಮೂರು ಪದರಗಳಿರುತ್ತವೆ. ಮೇಲೆ ತುಂಡುಗಳನ್ನು ಜೋಡಿಸಿ ಹೊಲಿದ ಬಟ್ಟೆ, ನಡುವೆ ಬೆಚ್ಚಗಿಡುವ ಒಳಪದರ, ಕೆಳಗೆ ಅಸ್ತರು. ಈ ಮೂರನ್ನೂ ಸಾಲು ಹೊಲಿಗೆ ಹಾಕಿ ಒಂದುಗೂಡಿಸಿದಾಗ ಅದು ಕೌದಿ ಎನಿಸಿಕೊಳ್ಳುತ್ತದೆ. ಒಬ್ಬರೇ ಕುಳಿತರೆ ತಿಂಗಳುಗಟ್ಟಲೆ ಹಿಡಿಯುವ ಈ ಕೆಲಸವನ್ನು ಮನೆಯವರೂ ಗೆಳೆಯರೂ ಹಂಚಿಕೊಂಡರೆ ಬೇಗ ಮುಗಿಯುತ್ತದೆ ಎಂದು ಹಲವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಅದು ಹಾಗೇನೂ ಬೇಗ ಮುಗಿಯುವುದಿಲ್ಲ; ಮಾತು ಹೆಚ್ಚುತ್ತದೆ, ಬಿಚ್ಚಿ ಮತ್ತೆ ಹಾಕುವ ಹೊಲಿಗೆಯೂ ಹೆಚ್ಚುತ್ತದೆ. ಆದರೆ ಒಬ್ಬರೇ ಹಿಡಿದ ಕೌದಿ ಅರ್ಧಕ್ಕೆ ಬೀರು ಸೇರುವ ಸಂಭವ ಬಹಳ, ನಾಲ್ವರು ಹಿಡಿದದ್ದು ಮಾತ್ರ ಒಬ್ಬರಲ್ಲ ಒಬ್ಬರ ಒತ್ತಾಯದಿಂದ ಮುಗಿದೇ ತೀರುತ್ತದೆ. ಕೂಡಿ ಹೊಲಿಯುವವರು ಬಿಗಿಯಾಗಿ ಹಿಡಿಯಬೇಕಾದ ಸಂಗತಿ ಅಳತೆಯೊಂದೇ. ಬಣ್ಣದ ಆಯ್ಕೆ, ಹೊಲಿಗೆಯ ಚೆಂದ, ಕೈಯ ಪಳಗಿಕೆ ಒಬ್ಬೊಬ್ಬರದು ಒಂದೊಂದು ತರಹ ಇದ್ದರೂ ನಡೆಯುತ್ತದೆ.

ಮೊದಲ ಪ್ರಯತ್ನಕ್ಕೆ 48 ಇಂಚು ಅಗಲ, 60 ಇಂಚು ಉದ್ದದ ಕೌದಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕುಳಿತಾಗ ಮಡಿಲಿನಿಂದ ಪಾದದವರೆಗೆ ಹೊದೆಯಲು ಅದು ಸಾಕಾಗುತ್ತದೆ, ಸಾಮಾನ್ಯ ಹೊಲಿಗೆ ಯಂತ್ರದ ಕೈಕೆಳಗೂ ಹೇಗೋ ತೂರುತ್ತದೆ. ವಿನ್ಯಾಸ ಒಂಬತ್ತು ಚೌಕಗಳದ್ದಾಗಿರಲಿ: ಮೂರು ಸಾಲು, ಸಾಲಿಗೆ ಮೂರು ಚೌಕ, ಒಂದು ಗಾಢ ಬಣ್ಣ, ಮಗ್ಗುಲಲ್ಲಿ ಒಂದು ತಿಳಿ ಬಣ್ಣ. ಪ್ರತಿ ಚೌಕವನ್ನು 4.5 ಇಂಚಿಗೆ ಕತ್ತರಿಸಿ, ಎಲ್ಲ ಬದಿಗೂ ಕಾಲು ಇಂಚು ಬಿಟ್ಟು ಹೊಲಿದರೆ, ಅದು ಕೌದಿಯಲ್ಲಿ 4 ಇಂಚಿನದಾಗಿ ಕಾಣುತ್ತದೆ. ಒಂಬತ್ತು ಚೌಕ ಸೇರಿದ ಬ್ಲಾಕು ಹೊಲಿದ ಕೂಡಲೇ 12.5 ಇಂಚು ಇರಬೇಕು. ಪಕ್ಕದ ಬ್ಲಾಕಿಗೆ ಜೋಡಿಸಿದ ಮೇಲೆ 12 ಇಂಚಾಗುತ್ತದೆ. ಅಡ್ಡಕ್ಕೆ 4, ಉದ್ದಕ್ಕೆ 5 ಬ್ಲಾಕು ಎಂದರೆ ಒಟ್ಟು 20 ಬ್ಲಾಕು, 180 ಚೌಕ. ಬ್ಲಾಕಿಗೆ 5 ಗಾಢ, 4 ತಿಳಿ ಎಂದು ಹಿಡಿದರೆ ಗಾಢ ಬಣ್ಣದವು 100, ತಿಳಿ ಬಣ್ಣದವು 80 ಬೇಕು. ನಾಲ್ವರಿದ್ದರೆ ತಲೆಗೆ ಐದು ಬ್ಲಾಕು ಬರುತ್ತದೆ, ಜಗಳಕ್ಕೆ ಆಸ್ಪದವಿಲ್ಲ.

ಬಟ್ಟೆಯ ವಿಷಯದಲ್ಲಿ ಉದಾರತೆ ಕೆಲಸಕ್ಕೆ ಬಾರದು. ಗೆಳೆಯರು ಪ್ರೀತಿಯಿಂದ ತಂದುಕೊಡುವ ಹಳೆಯ ಬಟ್ಟೆಗಳಲ್ಲಿ ನೇಯ್ದ ಹತ್ತಿ ಬಟ್ಟೆಯನ್ನು ಮಾತ್ರ ಉಳಿಸಿಕೊಂಡು, ನೈಲಾನ್, ಪಾಲಿಯೆಸ್ಟರ್ ಮುಂತಾದವನ್ನು ಬೇಸರವಾಗದಂತೆ ಹಿಂದಿರುಗಿಸಬೇಕು. ಅವು ಬಿಸಿ ಇಸ್ತ್ರಿಗೆ ಮುದುಡುತ್ತವೆ, ಹತ್ತಿಯೊಂದಿಗೆ ಸಮನಾಗಿ ಕುಗ್ಗುವುದೂ ಇಲ್ಲ. ಟೀ ಶರ್ಟಿನ ಬಟ್ಟೆ ಹೆಣೆದದ್ದಾದ್ದರಿಂದ ಎಳೆದಂತೆ ಹಿಗ್ಗುತ್ತದೆ. ಅದನ್ನು ಬಳಸಲೇಬೇಕೆಂದರೆ, ಇಸ್ತ್ರಿಯಿಂದ ಅಂಟಿಸುವ ತೆಳುವಾದ ಕ್ಯಾನ್ವಾಸನ್ನು ಹಿಂಬದಿಗೆ ಕೂರಿಸಿದ ಮೇಲೆಯೇ ಚೌಕ ಕತ್ತರಿಸಬೇಕು. ಅಂಗಿಗಳಲ್ಲಿ ಬೆನ್ನಿನ ಭಾಗ ಅಗಲವಾಗಿ ಸಿಗುತ್ತದೆ. ಮೊಣಕೈ, ಕುತ್ತಿಗೆಪಟ್ಟಿಯ ಭಾಗಗಳು ಸವೆದಿರುತ್ತವೆ. ಬೆಳಕಿಗೆ ಹಿಡಿದಾಗ ಬೆರಳು ಕಾಣುವಷ್ಟು ತೆಳುವಾದ ಬಟ್ಟೆ ಎಷ್ಟೇ ನೆನಪಿನದಾಗಿದ್ದರೂ ಕೌದಿಯಲ್ಲಿ ಮೊದಲು ಹರಿಯುವುದು ಅದೇ.

ಹೊಸತಾಗಲಿ ಹಳೆಯದಾಗಲಿ, ಕತ್ತರಿಸುವ ಮೊದಲು ಎಲ್ಲವನ್ನೂ ಒಗೆದು, ಒಣಗಿಸಿ, ಇಸ್ತ್ರಿ ಹಾಕಬೇಕು. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು, ಬಟ್ಟೆಯ ಮೂಲೆಯನ್ನು ನೆನೆಸಿ, ಬಿಳಿಯ ಹತ್ತಿ ಬಟ್ಟೆಯ ಮೇಲಿಟ್ಟು ಬಿಸಿ ಇಸ್ತ್ರಿಯಿಂದ ಒತ್ತಿದರೆ ಸಾಕು. ಕೆಂಪು, ಕಡುನೀಲಿ ಬಟ್ಟೆಗಳ ಮೇಲೆ ನನಗೆ ಇಂದಿಗೂ ನಂಬಿಕೆಯಿಲ್ಲ. ನಮ್ಮ ಮೊದಲ ಕೌದಿಯಲ್ಲಿ ನಾನೇ ತಂದಿದ್ದ ಕೆಂಪು ಬಟ್ಟೆಯನ್ನು, ಹತ್ತು ಸಲ ಒಗೆದದ್ದೆಂಬ ಧೈರ್ಯದ ಮೇಲೆ, ಪರೀಕ್ಷೆ ಮಾಡದೆ ಸೇರಿಸಿದ್ದೆ. ಕೌದಿ ಮೊದಲ ಒಗೆತ ಮುಗಿಸಿ ಹೊರಬಂದಾಗ ಅತ್ತಿಗೆ ಆರಿಸಿ ಆರಿಸಿ ಕೂರಿಸಿದ್ದ ಬಿಳಿ ಚೌಕಗಳಷ್ಟೂ ನಸುಗೆಂಪಾಗಿದ್ದವು. ಅವರು ಒಂದು ಮಾತೂ ಆಡಲಿಲ್ಲ, ಅದೇ ಕಷ್ಟವಾಯಿತು.

ಕತ್ತರಿಸುವಾಗ ಚೌಕದ ಬದಿಗಳು ಹಾಸು ಹೊಕ್ಕಿನ ಎಳೆಗಳ ಜೊತೆಗೇ ಸಾಗಬೇಕು. ಎಳೆಗೆ ಓರೆಯಾಗಿ ಕತ್ತರಿಸಿದ ಅಂಚು ಕೈಯಲ್ಲಿ ಹಿಡಿದಷ್ಟಕ್ಕೇ ಹಿಗ್ಗಿ, ಚೌಕ ಚೌಕವಾಗಿ ಉಳಿಯುವುದಿಲ್ಲ. ಬಟ್ಟೆಯ ಎರಡು ಬದಿಯ ಗಟ್ಟಿ ಅಂಚನ್ನು ಮೊದಲೇ ತೆಗೆದುಹಾಕಿ, ರೋಟರಿ ಕಟರ್ (ಗಾಲಿಯಂತೆ ಉರುಳುವ ದುಂಡು ಅಲಗಿನ ಕತ್ತರಿ), ಅಡಿಯಲ್ಲಿ ಹಾಸುವ ಮ್ಯಾಟು, ಗೆರೆಗಳಿರುವ ಪಾರದರ್ಶಕ ಸ್ಕೇಲು ಇದ್ದರೆ 4.5 ಇಂಚಿನ ಪಟ್ಟಿಗಳನ್ನು ಕತ್ತರಿಸಿ ಅವನ್ನೇ ಚೌಕಗಳನ್ನಾಗಿಸಬಹುದು. ಅವಿಲ್ಲದಿದ್ದರೆ ದಪ್ಪ ರಟ್ಟಿನಲ್ಲಿ ಒಂದು ಚೌಕ ಮಾಡಿಕೊಂಡು, ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಯಿಂದ ಕತ್ತರಿಸಿದರೂ ಆದೀತು. ಆದರೆ ಗೆರೆ ಎಳೆದೆಳೆದು ರಟ್ಟಿನ ಅಂಚು ಸವೆಯುತ್ತದೆ. ನಲವತ್ತು ಐವತ್ತು ಚೌಕಗಳಿಗೊಮ್ಮೆ ಹೊಸದು ಮಾಡಿಕೊಳ್ಳಬೇಕು. ಮುಖ್ಯವಾಗಿ ಎಲ್ಲ 180 ಚೌಕಗಳನ್ನೂ ಒಂದೇ ಸ್ಕೇಲಿನಿಂದ, ಸಾಧ್ಯವಾದರೆ ಒಬ್ಬರೇ ಕತ್ತರಿಸಿ ಉಳಿದವರಿಗೆ ಹಂಚಬೇಕು. ಬೇರೆ ಬೇರೆ ಸ್ಕೇಲುಗಳ ಗೆರೆಗಳು ಕೂದಲೆಳೆಯಷ್ಟು ಆಚೀಚೆ ಇರುವುದುಂಟು, ಸ್ಕೇಲಿನ ಗೆರೆಯ ಯಾವ ಬದಿಗೆ ಬಟ್ಟೆಯನ್ನು ಹೊಂದಿಸುತ್ತೇವೆ ಎಂಬುದೂ ಒಬ್ಬೊಬ್ಬರಲ್ಲಿ ಬೇರೆ.

ಕಾಲು ಇಂಚಿನ ಲೆಕ್ಕ

ಈ ಹವ್ಯಾಸದ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಹೊಲಿಗೆಯ ಅಂಚು ಕಾಲು ಇಂಚಿಗಿಂತ ಬರೀ ಒಂದು ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾಯಿತೆನ್ನಿ. ಅದು ಎರಡೂ ಚೌಕಗಳಿಂದ ಹೋಗುವುದರಿಂದ ಒಂದು ಹೊಲಿಗೆಗೆ ಎಂಟನೇ ಒಂದು ಇಂಚು ನಷ್ಟ. ಬ್ಲಾಕಿನಲ್ಲಿ ಅಡ್ಡಕ್ಕೆ ಎರಡು ಹೊಲಿಗೆ ಇರುವುದರಿಂದ 12.5 ಇಂಚು ಇರಬೇಕಾದದ್ದು 12.25 ಇಂಚಾಗುತ್ತದೆ. ಕೌದಿಯ ಇಡೀ ಅಗಲದಲ್ಲಿ 12 ಚೌಕ, 11 ಹೊಲಿಗೆ. ಅಲ್ಲಿಗೆ ಒಟ್ಟು ನಷ್ಟ 1.375 ಇಂಚು. ಎಲ್ಲವನ್ನೂ ಒಬ್ಬರೇ ಹೊಲಿದಿದ್ದರೆ ಕೌದಿ ಸ್ವಲ್ಪ ಚಿಕ್ಕದಾಗುತ್ತಿತ್ತು, ಅಷ್ಟೆ. ನಾಲ್ವರು ನಾಲ್ಕು ಯಂತ್ರಗಳಲ್ಲಿ ಹೊಲಿದಾಗ ಬ್ಲಾಕುಗಳು ಒಂದಕ್ಕೊಂದು ಹೊಂದುವುದೇ ಇಲ್ಲ.

ಇದಕ್ಕೆ ಬ್ಲಾಕು ಹೊಲಿಯುವ ಮೊದಲೇ ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಮಾಡಬೇಕಾದ ಪರೀಕ್ಷೆಯೊಂದಿದೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಹೊಲಿದು, ಇಸ್ತ್ರಿ ಹಾಕಿ ಅಳೆಯಬೇಕು. ಒಟ್ಟು ಅಗಲ 3.5 ಇಂಚು, ನಡುವಿನ ಪಟ್ಟಿ ಸರಿಯಾಗಿ 1 ಇಂಚು ಬಂದರೆ ಹೊಲಿಗೆ ಸರಿಯಿದೆ. ನಡುವಿನ ಪಟ್ಟಿ ಕಿರಿದಾದರೆ ಬಟ್ಟೆಯ ಅಂಚನ್ನು ಸೂಜಿಯತ್ತ ಎಳೆಯಷ್ಟು ಸರಿಸಿ ಮತ್ತೆ ಹೊಲಿಯಬೇಕು. ಅಳತೆ ಕೂಡಿದ ಜಾಗದಲ್ಲಿ ಯಂತ್ರದ ತಟ್ಟೆಯ ಮೇಲೆ ಮಾಸ್ಕಿಂಗ್ ಟೇಪಿನ ತುಂಡೊಂದನ್ನು ಅಂಟಿಸಿಬಿಟ್ಟರೆ, ಮುಂದೆ ಕಣ್ಣು ಸೂಜಿಯ ಮೇಲಿರದೆ ಆ ಟೇಪಿನ ಮೇಲಿದ್ದರೆ ಸಾಕು. ಈ ಪರೀಕ್ಷೆಯ ತುಂಡನ್ನು ತಂದು ತೋರಿಸದವರಿಗೆ ನಾನು ಚೌಕಗಳನ್ನು ಕೊಡುವುದಿಲ್ಲ. ಚಿಕ್ಕಮ್ಮ ಇದನ್ನು ಶಾಲೆಯ ಹೋಂವರ್ಕ್ ಎಂದು ಹಾಸ್ಯ ಮಾಡುತ್ತಾರೆ, ಆದರೆ ತಂದು ತೋರಿಸುತ್ತಾರೆ.

ಹೊಲಿದ ಅಂಚುಗಳನ್ನು ಗಾಢ ಬಣ್ಣದ ಬಟ್ಟೆಯ ಕಡೆಗೆ ಮಡಿಚಿ ಇಸ್ತ್ರಿ ಹಾಕಬೇಕು. ಹೀಗೆ ಮಾಡಿದರೆ ತಿಳಿ ಬಣ್ಣದ ಕೆಳಗೆ ನೆರಳು ಕಾಣುವುದಿಲ್ಲ. ಜೊತೆಗೆ ಒಂದು ಸಾಲಿನ ಅಂಚುಗಳು ಒಂದು ದಿಕ್ಕಿಗೆ, ಅದರ ಕೆಳಗಿನ ಸಾಲಿನವು ಎದುರು ದಿಕ್ಕಿಗೆ ತಿರುಗಿರುತ್ತವೆ. ಸಾಲುಗಳನ್ನು ಜೋಡಿಸುವಾಗ ಆ ಎರಡು ಉಬ್ಬುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದು ಬೆರಳಿಗೇ ಗೊತ್ತಾಗುತ್ತದೆ. ಅಲ್ಲೊಂದು ಗುಂಡುಸೂಜಿ ಚುಚ್ಚಿ, ಹೊಲಿಯುತ್ತಾ ಹತ್ತಿರ ಬಂದಾಗ ತೆಗೆದರೆ ನಾಲ್ಕು ಚೌಕಗಳ ಮೂಲೆ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಇಸ್ತ್ರಿಯನ್ನು ಎತ್ತಿ ಎತ್ತಿ ಒತ್ತಬೇಕು. ಅಂಗಿಗೆ ಹಾಕುವಂತೆ ಎಳೆದಾಡಿದರೆ ಬ್ಲಾಕು ಸೊಟ್ಟಗಾಗುತ್ತದೆ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದೆರಡು ಬ್ಲಾಕು ಅಳತೆ ತಪ್ಪಿಯೇ ಬರುತ್ತವೆ. ಎಂಟನೇ ಒಂದು ಇಂಚಿನಷ್ಟು ವ್ಯತ್ಯಾಸವಿದ್ದರೆ, ದೊಡ್ಡದನ್ನು ಕೆಳಗಿಟ್ಟು ಗುಂಡುಸೂಜಿಗಳಿಂದ ಹಂಚಿ ಹಿಡಿದು ಹೊಲಿದರೆ ಕೆಳಗಿನಿಂದ ಬಟ್ಟೆಯನ್ನು ಮುಂದೆ ಸಾಗಿಸುವ ಯಂತ್ರದ ಹಲ್ಲುಗಳೇ ಆ ಹೆಚ್ಚುವರಿಯನ್ನು ಒಳಗೆ ತೆಗೆದುಕೊಳ್ಳುತ್ತವೆ. ಅದಕ್ಕಿಂತ ಚಿಕ್ಕದಾಗಿ ಬಂದ ಬ್ಲಾಕಿನ ನಾಲ್ಕೂ ಬದಿಗೆ ಒಂದೇ ಬಣ್ಣದ ಪಟ್ಟಿ ಕಟ್ಟಿ, ಆಮೇಲೆ 12.5 ಇಂಚಿಗೆ ಕತ್ತರಿಸಬೇಕು. ಒಂದೇ ಬ್ಲಾಕಿಗೆ ಹೀಗೆ ಚೌಕಟ್ಟು ಬಂದರೆ ಅದನ್ನು ಹೊಲಿದವರು ಸಂಕೋಚಪಡುತ್ತಾರೆ. ಆದ್ದರಿಂದ ಚೆನ್ನಾಗಿ ಬಂದ ಎರಡು ಮೂರು ಬ್ಲಾಕುಗಳಿಗೂ ಬೇಕೆಂದೇ ಚೌಕಟ್ಟು ಕಟ್ಟುವುದು ನಾನು ಕಂಡುಕೊಂಡ ಉಪಾಯ. ಆ ಬ್ಲಾಕುಗಳನ್ನು ಕೌದಿಯಲ್ಲಿ ಅಲ್ಲೊಂದು ಇಲ್ಲೊಂದು ಇಟ್ಟರೆ ಮೊದಲೇ ಯೋಚಿಸಿದ ವಿನ್ಯಾಸದಂತೆಯೇ ಕಾಣುತ್ತದೆ.

ಒಂದೇ ಅಳತೆ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಏಡ್ಸ್ ಸ್ಮಾರಕ ಕೌದಿಯನ್ನು ನೋಡಬಹುದು. ಏಡ್ಸ್‌ನಿಂದ ತೀರಿಕೊಂಡವರ ಬಂಧುಗಳೂ ಗೆಳೆಯರೂ ಅವರ ಹೆಸರಿನಲ್ಲಿ ಮಾಡಿದ ಒಂದೊಂದು ಫಲಕಕ್ಕೂ 3 ಅಡಿ ಅಗಲ, 6 ಅಡಿ ಉದ್ದ ಎಂಬ ಅಳತೆ ಗೊತ್ತುಮಾಡಲಾಗಿತ್ತು. 1987ರ ಅಕ್ಟೋಬರ್ 11ರಂದು ಅದನ್ನು ವಾಷಿಂಗ್ಟನ್ನಿನಲ್ಲಿ ಮೊದಲ ಬಾರಿಗೆ ಹಾಸಿದಾಗ ಅಂತಹ 1,920 ಫಲಕಗಳಿದ್ದವು. ಹೊಲಿದವರಲ್ಲಿ ಎಷ್ಟೋ ಮಂದಿ ಒಬ್ಬರನ್ನೊಬ್ಬರು ಕಂಡವರಲ್ಲ. ಎಂಟೆಂಟು ಫಲಕ ಸೇರಿ 12 ಅಡಿಯ ಚೌಕವಾಗುವುದು ಆ ಅಳತೆಯಿಂದಲೇ.

ಮೂರು ಪದರ ಸೇರಿಸುವ ದಿನ

ಈ ಕೆಲಸಕ್ಕೆ ಎಲ್ಲರೂ ಒಂದೆಡೆ ಸೇರಬೇಕು. ಅಸ್ತರು ಮತ್ತು ಒಳಪದರ ಎರಡೂ ಮೇಲ್ಪದರಕ್ಕಿಂತ ಪ್ರತಿ ಬದಿಗೆ 4 ಇಂಚು ದೊಡ್ಡದಿರಲಿ, ಅಂದರೆ 56ಕ್ಕೆ 68 ಇಂಚು. 44 ಇಂಚು ಪನ್ನದ ಬಟ್ಟೆಯಾದರೆ ಸುಮಾರು 3 ಮೀಟರು ತಂದು, ಎರಡು ತುಂಡು ಮಾಡಿ ಜೋಡಿಸಿಕೊಳ್ಳಬಹುದು. ಅಸ್ತರನ್ನು ನೆಲದ ಮೇಲೆ ಮಗುಚಿ ಹಾಸಿ, ಸುಕ್ಕಿಲ್ಲದಂತೆ, ಆದರೆ ಹಿಗ್ಗಿಸದೆ ಟೇಪಿನಿಂದ ಅಂಟಿಸಿ, ಅದರ ಮೇಲೆ ಒಳಪದರ, ಅದರ ಮೇಲೆ ಹೊಲಿದ ಮೇಲ್ಪದರವನ್ನು ಹಾಸಬೇಕು. ಒಳಪದರಕ್ಕೆ ಹಾಳೆಯ ರೂಪದ ಹತ್ತಿ ಸಿಕ್ಕರೆ ಉತ್ತಮ. ಸವೆದು ಮೆತ್ತಗಾದ ಹತ್ತಿಯ ಬೆಡ್‌ಶೀಟೂ ಆಗುತ್ತದೆ. ಬಿಡಿ ಹತ್ತಿಯನ್ನು ಹರಡುವುದು ಹೊಸಬರಿಗೆ ಬೇಡ, ಹೊಲಿಗೆ ಒತ್ತಾಗಿಲ್ಲದಿದ್ದರೆ ಒಂದೆರಡು ಒಗೆತಕ್ಕೆ ಅದು ಗಂಟುಗಟ್ಟುತ್ತದೆ. ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರುತ್ತಾ ಗೇಣಿಗಿಂತ ಕಡಿಮೆ ಅಂತರದಲ್ಲಿ ಸೇಫ್ಟಿ ಪಿನ್ನು ಹಾಕಬೇಕು, ಇಲ್ಲವೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಬೇಕು.

ನಾಲ್ವರು ಏಕಕಾಲಕ್ಕೆ ಕೈಯಿಂದ ಹೊಲಿಯಲು ಕುಳಿತರೆ ಎಲ್ಲರೂ ನಡುವಿನಿಂದಲೇ ಆರಂಭಿಸಲಾಗದು. ಆದ್ದರಿಂದ ಮೊದಲು ಒಬ್ಬರು ಕೌದಿಯ ನಡುವೆ ಅಡ್ಡಕ್ಕೊಂದು, ಉದ್ದಕ್ಕೊಂದು ಸಾಲು ಹೊಲಿಗೆ ಹಾಕಿ ಮುಗಿಸಲಿ. ಆಗ ಕೌದಿ ನಾಲ್ಕು ಭಾಗವಾಗುತ್ತದೆ, ಒಬ್ಬೊಬ್ಬರು ಒಂದೊಂದು ಭಾಗವನ್ನು ಒಳಗಿನಿಂದ ಹೊರಕ್ಕೆ ಹೊಲಿದುಕೊಂಡು ಹೋಗಬಹುದು. ದಾರ 18 ಇಂಚಿಗಿಂತ ಉದ್ದವಾದರೆ ಸಿಕ್ಕಾಗುತ್ತದೆ. ದಾರದ ತುದಿಗೆ ಚಿಕ್ಕ ಗಂಟು ಹಾಕಿ, ಹೊಲಿಗೆ ಆರಂಭವಾಗುವ ಜಾಗಕ್ಕಿಂತ ಒಂದು ಇಂಚು ಹಿಂದೆ ಸೂಜಿ ಚುಚ್ಚಿ, ಅಸ್ತರಿಗೆ ತಾಗಿಸದೆ ಒಳಪದರದಲ್ಲೇ ಸಾಗಿಸಿ ಹೊರತೆಗೆದು, ದಾರವನ್ನು ತಟಕ್ಕನೆ ಎಳೆದರೆ, ಗಂಟು ಸಣ್ಣ ಸದ್ದಿನೊಂದಿಗೆ ಬಟ್ಟೆಯನ್ನು ದಾಟಿ ಒಳಗೆ ಸೇರಿಕೊಳ್ಳುತ್ತದೆ. ಇದನ್ನು ಕಲಿತ ದಿನ ಮಗಳು ಬೇಡದ ಕಡೆಯೆಲ್ಲ ಗಂಟು ಎಳೆದು ನೋಡಿದ್ದಳು. ಹೊಸಬರು ಇಂಚಿಗೆ ನಾಲ್ಕೈದು ಹೊಲಿಗೆ ಹಾಕಿದರೆ ಸಾಕು. ಒಬ್ಬರ ಹೊಲಿಗೆ ಸಣ್ಣದು, ಇನ್ನೊಬ್ಬರದು ದೊಡ್ಡದು ಎಂದು ಬಿಚ್ಚಲು ಹೋಗಬಾರದು. ಆಮೇಲೆ ಗುಟ್ಟಾಗಿ ಬಿಚ್ಚಿ ಸರಿಪಡಿಸುವುದಂತೂ ಕೂಡದು, ಅದು ಗೊತ್ತಾಗದೆ ಇರುವುದಿಲ್ಲ.

ಕೊನೆಗೆ ಅಂಚುಪಟ್ಟಿ. ಹೆಚ್ಚಾಗಿ ಉಳಿದ ಅಸ್ತರು, ಒಳಪದರವನ್ನು ಮೇಲ್ಪದರದ ಅಂಚಿಗೆ ಸಮನಾಗಿ ಕತ್ತರಿಸಿದ ಮೇಲೆ ಸುತ್ತಳತೆ 216 ಇಂಚು, ಮೂಲೆ ಮತ್ತು ಜೋಡಣೆಗೆ ಇನ್ನೊಂದು 12 ಇಂಚು. 2.5 ಇಂಚು ಅಗಲದ ಆರು ಪಟ್ಟಿಗಳನ್ನು 44 ಇಂಚಿನ ಪನ್ನದಿಂದ ಕತ್ತರಿಸಿ, ಓರೆಯಾಗಿ ಜೋಡಿಸಿ, ಉದ್ದಕ್ಕೆ ಎರಡಾಗಿ ಮಡಿಚಿ ಇಸ್ತ್ರಿ ಹಾಕಬೇಕು. ಅದನ್ನು ಮೇಲ್ಬದಿಗೆ ಯಂತ್ರದಿಂದ ಹೊಲಿದು, ಹಿಂದಕ್ಕೆ ಮಗುಚಿ, ಕೈಹೊಲಿಗೆಯಿಂದ ಮುಚ್ಚಬೇಕು.

ಮಕ್ಕಳನ್ನು ಈ ಕೆಲಸದಿಂದ ದೂರ ಇಡಬಾರದು, ಆದರೆ ರೋಟರಿ ಕಟರ್ ಅವರ ಕೈಗೆ ಸಿಗಬಾರದು. ಚೌಕಗಳನ್ನು ನೆಲದ ಮೇಲೆ ಹರಡಿ ಬಣ್ಣ ಹೊಂದಿಸುವ ಕೆಲಸದಲ್ಲಿ ಅವರು ನಮಗಿಂತ ಧೈರ್ಯವಂತರು. ಹೊಂದಿಸಿದ ಮೇಲೆ ಫೋಟೋ ತೆಗೆದಿಟ್ಟುಕೊಂಡರೆ, ಗಾಳಿಗೋ ಬೆಕ್ಕಿಗೋ ಕೆಟ್ಟರೂ ಮತ್ತೆ ಜೋಡಿಸಬಹುದು. ಕೌದಿಯನ್ನು ಕೂಸಿಗೆ ಉಡುಗೊರೆಯಾಗಿ ಕೊಡುವವರು, ಒಂದು ವರ್ಷದೊಳಗಿನ ಮಗು ಮಲಗಿರುವಾಗ ಅದನ್ನು ಹೊದಿಸಬಾರದೆಂದೂ, ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಿಸಬಹುದೆಂದೂ ತಾಯಿತಂದೆಗೆ ತಿಳಿಸಬೇಕು.

ಹಿಂಬದಿಯ ಮೂಲೆಯಲ್ಲಿ ಚಿಕ್ಕ ಬಟ್ಟೆಯೊಂದನ್ನು ಹೊಲಿದು, ಕೈ ಹಾಕಿದವರೆಲ್ಲರ ಹೆಸರು, ಮುಗಿಸಿದ ವರ್ಷ, ಒಗೆಯುವ ಕ್ರಮ ಬರೆದಿಡಬೇಕು. ತಣ್ಣೀರು, ಸೌಮ್ಯ ಸೋಪು, ನೆರಳಿನಲ್ಲಿ ಹರಡಿ ಒಣಗಿಸುವುದು, ಇಷ್ಟೇ. ಮುಗಿದ ಕೌದಿ ಯಾರ ಬಳಿ ಉಳಿಯಬೇಕು ಎಂಬುದನ್ನು ಮಾತ್ರ ಮೊದಲ ಚೌಕ ಕತ್ತರಿಸುವ ಮುನ್ನವೇ ಮಾತಾಡಿಕೊಳ್ಳುವುದು ಲೇಸು. ನಾವು ಹಾಗೆ ಮಾಡಲಿಲ್ಲ. ಕೊನೆಗೆ ತಿಂಗಳಿಗೊಂದು ಮನೆ ಎಂದು ಗೊತ್ತುಮಾಡಿಕೊಂಡೆವು. ಅದು ಚಿಕ್ಕಮ್ಮನ ಮನೆಗೆ ಹೋಗಿ ಇದು ಐದನೆಯ ತಿಂಗಳು.