ಹೊರಗೋಡೆಗೆ ಯಾವ ಬಣ್ಣ? ಮೊದಲು ಹಂಚು ನೋಡಿ, ಆಮೇಲೆ ಶೇಡ್ ಕಾರ್ಡ್

ಗೃಹಪ್ರವೇಶದ ಮುಹೂರ್ತ ಗೊತ್ತಾಗುತ್ತಿದ್ದಂತೆ ಮನೆಮಂದಿಯೆಲ್ಲ ಶೇಡ್ ಕಾರ್ಡ್ ಹಿಡಿದು ಕೂರುತ್ತಾರೆ. ಅಲ್ಲಿಂದ ಶುರುಮಾಡಿದರೆ ಒಮ್ಮತ ಮೂಡುವುದು ಕಷ್ಟ. ಕಾರ್ಡ್ ಪಕ್ಕಕ್ಕಿಟ್ಟು, ರಸ್ತೆಗಿಳಿದು ಮನೆಯತ್ತ ನೋಡಿ.

1. ಬದಲಾಗದ್ದನ್ನು ಪಟ್ಟಿ ಮಾಡಿ

ಹಂಚು, ಮೆಟ್ಟಿಲ ಗ್ರಾನೈಟ್, ಮುಂಬಾಗಿಲ ಮರ, ಅಂಗಳದ ಕಲ್ಲು: ಇವನ್ನು ಬಣ್ಣಕ್ಕಾಗಿ ಯಾರೂ ಬದಲಿಸುವುದಿಲ್ಲ. ಗೋಡೆಯೇ ಇವಕ್ಕೆ ಹೊಂದಿಕೊಳ್ಳಬೇಕು. ಮಂಗಳೂರು ಹಂಚಿನ ಕೆಂಪಿನಲ್ಲಿ ಕಿತ್ತಳೆಯ ಛಾಯೆ ಇದೆ. ಅದರ ಕೆಳಗೆ ಕೆನೆಬಣ್ಣ, ತಿಳಿ ಗೋಧಿ, ಮಾಸಲು ಹಸಿರು ಒಪ್ಪುತ್ತವೆ. ಗುಲಾಬಿ, ನೇರಳೆ ಕಣ್ಣಿಗೆ ಚುಚ್ಚುತ್ತವೆ. ಬೂದು ಕಲ್ಲು ಹೆಚ್ಚಿದ್ದರೆ ಬಿಳಿ, ತಿಳಿ ಬೂದು ಚೆಂದ.

2. ನಿಮ್ಮೂರಿನ ಮಳೆ-ಬಿಸಿಲನ್ನು ಕೇಳಿ

ಪೇಟೆಯ ಫೋಟೊ ನೋಡಿ ಬಣ್ಣ ಆರಿಸುವವರು ಎಡವುವುದು ಇಲ್ಲಿಯೇ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿ ಅಚ್ಚ ಬಿಳಿ ಬಳಿದರೆ, ಸಜ್ಜಾ ಮತ್ತು ಪ್ಯಾರಾಪೆಟ್‌ನಿಂದ ನೀರಿಳಿದಲ್ಲೆಲ್ಲ ಪಾಚಿಯ ಕಪ್ಪು ಗೆರೆಗಳು ಎದ್ದು ಕಾಣುತ್ತವೆ. ಕೊಂಚ ಬೂದು ಅಥವಾ ಮಣ್ಣಿನ ಛಾಯೆ ಸೇರಿದ ಬಣ್ಣ ಈ ಕೊಳೆಯನ್ನು ಮರೆಸುತ್ತದೆ. ಪಾಚಿನಿರೋಧಕ ಎಕ್ಸ್‌ಟೀರಿಯರ್ ಎಮಲ್ಶನ್ ಬೇಕೇಬೇಕು. ಕೆಮ್ಮಣ್ಣು ಸಿಡಿಯುವ ಅಂಗಳವಾದರೆ ಗೋಡೆಯ ಬುಡಕ್ಕೆ ಎರಡಡಿ ಎತ್ತರ ಕಾವಿ ಬಣ್ಣದ ಪಟ್ಟಿ ಎಳೆಸಿ. ಹಳೆಯ ಮನೆಗಳಲ್ಲಿ ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿಯುತ್ತಿದ್ದುದು ಬರೀ ಅಂದಕ್ಕಲ್ಲ.

ಕಲಬುರಗಿ, ರಾಯಚೂರಿನ ಕಡೆ ಲೆಕ್ಕಾಚಾರವೇ ಬೇರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಪಡುವಣ ಗೋಡೆಗೆ ಕಡುಬಣ್ಣ ಹಚ್ಚಿದರೆ ಒಳಗಿನ ಕೋಣೆ ರಾತ್ರಿಯೂ ಕಾವಾರುವುದಿಲ್ಲ. ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂದು ಹೇಳುವ ಎಲ್‌ಆರ್‌ವಿ ಎಂಬ ಅಂಕಿ ಅನೇಕ ಶೇಡ್‌ಗಳಿಗೆ ಇರುತ್ತದೆ, ಅಂಗಡಿಯಲ್ಲಿ ಕೇಳಿ. ಸೊನ್ನೆ ಎಂದರೆ ಕಡುಗಪ್ಪು, 100 ಎಂದರೆ ಬೆಳಕನ್ನೆಲ್ಲ ಹಿಂದಿರುಗಿಸುವ ಬಿಳಿ. ಬಿಸಿಲ ಸೀಮೆಗೆ 60ಕ್ಕಿಂತ ಮೇಲಿನದು ಒಳ್ಳೆಯದು.

ಇನ್ನು ಬಣ್ಣ ಮಾಸುವ ವಿಚಾರ. ಕಣ್ಣು ಕೋರೈಸುವ ಕೆಂಪು, ನಿಂಬೆ ಹಳದಿ, ನೇರಳೆ ಬಿಸಿಲಿಗೆ ಬೇಗ ಪೇಲವವಾಗುತ್ತವೆ. ಕಬ್ಬಿಣದ ಆಕ್ಸೈಡ್‌ನಿಂದ ಬರುವ ಕಾವಿ, ಕಂದು, ಮಣ್ಣಿನ ಹಳದಿ ಬಹುಕಾಲ ನಿಲ್ಲುತ್ತವೆ.

3. ಗೋಡೆಯ ಮೇಲೇ ಪರೀಕ್ಷಿಸಿ

ಕಾರ್ಡಿನ ಚೌಕದಲ್ಲಿ ಸೌಮ್ಯವಾಗಿ ಕಂಡದ್ದು ಇಡೀ ಗೋಡೆಗೆ ಬಂದಾಗ ಗಾಢವೆನಿಸುತ್ತದೆ. ಹಾಗಾಗಿ ಮೆಚ್ಚಿದ ಶೇಡ್‌ನ ಜತೆಗೆ ಅದಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನೂ ಸಣ್ಣ ಡಬ್ಬಿಯಲ್ಲಿ ತನ್ನಿ. ಬಿಳಿ ಪ್ರೈಮರ್ ಮೇಲೆ ಮೂರಡಿ ಅಗಲ, ಮೂರಡಿ ಎತ್ತರಕ್ಕೆ ಎರಡು ಕೋಟ್ ಹೊಡೆಸಿ. ಬಿಸಿಲಿನ ಗೋಡೆಯಲ್ಲೊಂದು, ನೆರಳಿನ ಗೋಡೆಯಲ್ಲೊಂದು. ಬೆಳಿಗ್ಗೆ, ನಡುಮಧ್ಯಾಹ್ನ, ಸಂಜೆ ಮತ್ತು ದೀಪ ಹಚ್ಚಿದ ಮೇಲೆ ನೋಡಿ ತೀರ್ಮಾನಿಸಿ.

4. ಮೂರೇ ಬಣ್ಣ ಸಾಕು

ಗೋಡೆಗೊಂದು, ಸಜ್ಜಾ-ಕಂಬಗಳಿಗೊಂದು, ಗ್ರಿಲ್-ಗೇಟಿಗೆ ಎನಾಮಲ್‌ನಲ್ಲಿ ಇನ್ನೊಂದು. ಐದಾರು ಬಣ್ಣದ ಎಲಿವೇಶನ್ ಈಗಿನ ಖಯಾಲಿ, ನನಗಂತೂ ಹಿಡಿಸದು. ವಾಸ್ತುವಿನಂತೆ ಇಂಥ ಬಣ್ಣವೇ ಬೇಕೆಂದು ಹಿರಿಯರು ಪಟ್ಟು ಹಿಡಿದರೆ ಅದನ್ನು ಕಂಬಕ್ಕೆ ಕೊಟ್ಟು ರಾಜಿಯಾಗಿ.

5. ಡಬ್ಬಿ ತೆರೆಯುವ ಮುನ್ನ

ಹೊಸ ಪ್ಲಾಸ್ಟರ್ ಆಗಿದ್ದರೆ ಕನಿಷ್ಠ 28 ದಿನ ಕಾಯಿರಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿಂದು ಕಲೆ ಕಲೆಯಾಗಿಸುತ್ತದೆ. ಹಳೆಯ ಗೋಡೆಯಾದರೆ ಪಾಚಿ ಉಜ್ಜಿ ತೊಳೆಸಿ, ಬಿರುಕು ಮುಚ್ಚಿಸಿ, ಪೂರ್ತಿ ಒಣಗಲು ಬಿಡಿ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಇದಕ್ಕೆ ಹೇಳಿಮಾಡಿಸಿದಂತಿವೆ.

ಒಂದು ಗೋಡೆಗೆ ಬೇಕಾದಷ್ಟು ಬಣ್ಣವನ್ನು ಒಮ್ಮೆಗೇ ತಂದು, ಎಲ್ಲ ಡಬ್ಬಿಗಳನ್ನೂ ದೊಡ್ಡ ಬಕೆಟ್‌ನಲ್ಲಿ ಬೆರೆಸಲು ಪೇಂಟರ್‌ಗೆ ಹೇಳಿ. ಮಷಿನ್‌ನಲ್ಲಿ ಕಲಸಿದ ಬಣ್ಣವೂ ಡಬ್ಬಿಯಿಂದ ಡಬ್ಬಿಗೆ ತುಸು ವ್ಯತ್ಯಾಸವಾಗಬಹುದು. ಡಬ್ಬಿಯ ಮೇಲಿನ ಶೇಡ್ ಕೋಡ್, ಬೇಸ್‌ನ (ಬಣ್ಣ ಕಲಸುವ ಮೂಲ ಪೇಂಟಿನ) ಹೆಸರಿನ ಫೋಟೊ ತೆಗೆದಿಡಿ. ಅರ್ಧ ಲೀಟರ್ ಉಳಿಸಿಕೊಂಡು ಮುಚ್ಚಳ ಬಿಗಿಮಾಡಿ. ಕೇಬಲ್‌ನವರು ಗೋಡೆ ಕೊರೆದು ಹೋದ ಮೇಲೆ ಅದು ಬೇಕಾಗುತ್ತದೆ.