14 ವರ್ಷದ ಕಾರು ಮತ್ತು ಒಂದು ಸ್ಕ್ರೂಡ್ರೈವರ್

ನಮ್ಮ ಕಾರಿಗೆ 14 ವರ್ಷ ಆಗಿತ್ತು, 2,10,000 ಕಿ.ಮೀ. ಓಡಿತ್ತು. ಪೆಟ್ರೋಲ್ ಕಾರು, ಮ್ಯಾನುಯಲ್ ಗೇರು, ಮೊದಲಿಂದ ನಮ್ಮ ಕೈಯಲ್ಲೇ ಇದ್ದದ್ದು. ಇಟ್ಟುಕೊಳ್ಳೋದಾ, ಮಾರಿ ಬೇರೆ ತಗೊಳ್ಳೋದಾ ಅಂತ ಮನೆಯಲ್ಲಿ ಒಂದೂವರೆ ವರ್ಷ ಮಾತಾಡಿದ್ದೇವೆ. ಕೊನೆಗೆ ಮಾರಿದೆವು. ಆದರೆ ಶುರುವಿನಲ್ಲಿ ಯಾವ ಕಾರಣಕ್ಕೆ ಮಾರಬೇಕು ಅಂದುಕೊಂಡಿದ್ದೆನೋ ಆ ಕಾರಣಕ್ಕೆ ಮಾರಲಿಲ್ಲ, ಅದಕ್ಕೇ ಇದನ್ನ ಬರೆಯುತ್ತಿದ್ದೇನೆ.

ಎಲ್ಲಾ ಶುರುವಾಗಿದ್ದು ಆಲ್ಟರ್ನೇಟರ್‌ನಿಂದ, ಅಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಸಾಮಾನಿನಿಂದ. ರಾತ್ರಿ ಹೊತ್ತು, ಜೋರು ಮಳೆ. ಮೊದಲು ಬ್ಯಾಟರಿಯ ಕೆಂಪು ದೀಪ ಹತ್ತಿತು, ಆಮೇಲೆ ಹೆಡ್‌ಲೈಟ್ ಮಂಕಾಯಿತು, ವೈಪರ್ ಏದುಸಿರು ಬಿಡೋಕೆ ಶುರು ಮಾಡಿತು, ಇನ್ನಷ್ಟು ದೂರ ಹೋಗಿ ಕಾರು ನಿಂತೇ ಹೋಯಿತು. ಟೋ ಮಾಡಿಸಿಕೊಂಡು ಮನೆ ಸೇರಿದಾಗ ಅರ್ಧರಾತ್ರಿ. ನೆನೆದ ಬಟ್ಟೆಯಲ್ಲೇ ಕೂತು ಫೋನಿನಲ್ಲಿ ಹೊಸ ಕಾರು ನೋಡತೊಡಗಿದೆ. ಆಗ ಯಾರಾದರೂ ಕಾಗದ ಮುಂದಿಟ್ಟಿದ್ದರೆ ಕಣ್ಣು ಮುಚ್ಚಿ ಸಹಿ ಹಾಕಿಬಿಡುತ್ತಿದ್ದೆ. ಹೆಂಡತಿ ಹೇಳಿದ್ದು ಒಂದೇ ಮಾತು: "ಮೊದಲು ಒದ್ದೆ ಬಟ್ಟೆ ಬದಲಾಯಿಸಿ."

ಆಲ್ಟರ್ನೇಟರ್ ಬದಲಾಯಿಸಿದ್ದಾಯಿತು. ಯೋಚಿಸಿ ನೋಡಿದರೆ ಅದೊಂದು ಸವೆಯೋ ಸಾಮಾನು. ಒಳಗೆ ಕಾರ್ಬನ್ ಬ್ರಷ್ ಇರುತ್ತದೆ, ಬೇರಿಂಗ್ ಇರುತ್ತದೆ, ಎರಡು ಲಕ್ಷ ಕಿಲೋಮೀಟರ್ ಓಡಿದ ಮೇಲೆ ಕೈಕೊಟ್ಟರೆ ಅದಕ್ಕೆ ಬೈಯುವ ಹಾಗಿಲ್ಲ. ಕಾರು ರಸ್ತೆಯಲ್ಲಿ ಕೈಕೊಟ್ಟ ಒಂದು ತಿಂಗಳು ಅದರ ಬಗ್ಗೆ ಏನೂ ತೀರ್ಮಾನ ಮಾಡಬಾರದು ಅಂತ ಅವತ್ತು ನಾನೇ ಒಂದು ನಿಯಮ ಹಾಕಿಕೊಂಡೆ.

ತಿಂಗಳು ಕಳೆದ ಮೇಲೆ ಹಳೇ ಬಿಲ್‌ಗಳನ್ನೆಲ್ಲ ಹೊರಗೆ ತೆಗೆದೆ. ಅರ್ಧ ಡ್ಯಾಶ್‌ಬೋರ್ಡಿನ ಡ್ರಾಯರ್‌ನಲ್ಲಿ, ಅರ್ಧ ಮನೆಯ ಕಪಾಟಿನಲ್ಲಿ, ಐದು ವರ್ಷದ್ದು ಸಿಕ್ಕಿತು. ನೆಲದ ಮೇಲೆ ಹರಡಿ ಎರಡು ಗುಡ್ಡೆ ಮಾಡಿದೆ. ಒಂದರಲ್ಲಿ ಯಾವ ಕಾರಿದ್ದರೂ ಬರುವ ಖರ್ಚು: ಟೈರು, ಎಂಜಿನ್ ಆಯಿಲ್, ಬ್ರೇಕ್ ಪ್ಯಾಡ್, ಬ್ಯಾಟರಿ, ವೈಪರ್. ಇನ್ನೊಂದರಲ್ಲಿ ಕಾರು ಹಳೆಯದಾಗಿದ್ದಕ್ಕೇ ಬಂದ ಖರ್ಚು: ಆಲ್ಟರ್ನೇಟರ್, ರೇಡಿಯೇಟರ್, ಸಸ್ಪೆನ್ಷನ್ ಬುಷ್, ಒಂದು ವೀಲ್ ಬೇರಿಂಗ್, ಕಿಟಕಿಯ ಮೋಟಾರು. "ಈ ಕಾರು ಸುಮ್ನೆ ದುಡ್ಡು ತಿನ್ನುತ್ತೆ" ಅಂತ ಐದು ವರ್ಷದಿಂದ ಹೇಳುತ್ತಾ ಬಂದವನು ನಾನು. ಆದರೆ ಮೊದಲನೇ ಗುಡ್ಡೆಯೇ ಜಾಸ್ತಿ ಇತ್ತು. ಟೈರಿಗೆ ಕೊಟ್ಟ ದುಡ್ಡಿಗೂ ಕಾರಿನ ವಯಸ್ಸಿಗೂ ಏನು ಸಂಬಂಧ, ಅಲ್ವಾ?

ಆಮೇಲೆ ಎರಡನೇ ಗುಡ್ಡೆಯನ್ನ ಹೊಸ ಕಾರಿನ ಕಂತಿನ ಪಕ್ಕ ಇಟ್ಟು ನೋಡಿದೆ. ಅತಿ ಕೆಟ್ಟ ವರ್ಷದಲ್ಲೂ ಆ ಖರ್ಚು ಮೂರು ಕಂತಿಗೆ ಸಮ ಬರಲಿಲ್ಲ. ಆದರೆ ಇಲ್ಲೊಂದು ತಪ್ಪು ಮಾಡುತ್ತಿದ್ದೆ. ಕಂತು ಪೂರ್ತಿ ಖರ್ಚಲ್ಲ, ಅದರಲ್ಲಿ ಒಂದು ಭಾಗ ಕಾರಿನ ಬೆಲೆಯಾಗಿ ನಮ್ಮ ಹತ್ತಿರವೇ ಉಳಿಯುತ್ತದೆ. ನಿಜವಾಗಿ ಕೈಬಿಟ್ಟು ಹೋಗುವುದು ಮೂರು: ವರ್ಷದಿಂದ ವರ್ಷಕ್ಕೆ ಕಾರಿನ ಬೆಲೆ ಇಳಿಯುವುದು, ಸಾಲದ ಬಡ್ಡಿ, ಜಾಸ್ತಿಯಾಗುವ ವಿಮೆ. ಈ ಮೂರನ್ನೇ ಕೂಡಿಸಿದರೂ ಹಳೇ ಕಾರಿನ ರಿಪೇರಿಗಿಂತ ಎಷ್ಟೋ ಮೇಲಿತ್ತು. ಹೊಸ ಕಾರಿನ ಬೆಲೆ ಮೊದಲ ಎರಡು ಮೂರು ವರ್ಷದಲ್ಲೇ ಜೋರಾಗಿ ಇಳಿಯುವುದು. ನಮ್ಮ ಹಳೇದು ಇಳಿಯುವಷ್ಟು ಇಳಿದಾಗಿತ್ತು, ಇನ್ನೊಂದು ವರ್ಷ ಇಟ್ಟುಕೊಂಡರೆ ಕಳೆದುಕೊಳ್ಳೋಕೆ ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ದುಡ್ಡಿನ ಲೆಕ್ಕ ಇಟ್ಟುಕೋ ಅಂತು. ಆದರೆ ಬಿಲ್ಲು ಹೇಳುವುದು ಕಳೆದ ಐದು ವರ್ಷದ ಕಥೆ, ನನಗೆ ಬೇಕಿದ್ದದ್ದು ಮುಂದೆ ಏನು ಹೋಗುತ್ತದೆ ಅನ್ನೋದು. ಹಾಗಾಗಿ ಎಂಜಿನ್ ನೋಡಲು ಕೂತೆ.

ಆಯಿಲ್‌ನಿಂದ ಶುರು ಮಾಡಿದೆ. ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಸರಿಯಾಗಿ ತುಂಬಿ, ಓಡೋಮೀಟರ್ ಬರೆದಿಟ್ಟುಕೊಂಡೆ. 3000 ಕಿ.ಮೀ. ಆದ ಮೇಲೆ ಅದೇ ಸಮತಟ್ಟು ಜಾಗದಲ್ಲಿ, ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ನೋಡಿದರೆ ಎರಡು ಗೆರೆಗಳ ನಟ್ಟನಡುವೆ ಬಂದಿತ್ತು. ಆ ಗೆರೆಗಳ ನಡುವಿನ ಅಂತರ ಸಾಮಾನ್ಯವಾಗಿ ಸುಮಾರು ಒಂದು ಲೀಟರ್, ಅಂದರೆ ಅರ್ಧ ಲೀಟರ್ ಕುಡಿದಿದೆ. ಈ ವಯಸ್ಸಿಗೆ ಏನೂ ಅಲ್ಲ. ಎಂಜಿನ್ ತಣ್ಣಗಿಡುವ ದ್ರವದ, ಅಂದರೆ ಕೂಲಂಟ್‌ನ ಬಾಟಲಿಗೆ ಮಾರ್ಕರ್‌ನಲ್ಲಿ ಗೀಟು ಎಳೆದು ಎರಡು ತಿಂಗಳು ನೋಡಿದೆ, ಅಲ್ಲಾಡಲಿಲ್ಲ. ಇದು ಮುಖ್ಯ ಯಾಕೆಂದರೆ ಹೊರಗೆಲ್ಲೂ ಸೋರದೆ ಕೂಲಂಟ್ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲಿನ ಕೆಳಗಿನ ಭಾಗದ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಆ ಅನುಮಾನ ಇನ್ನೂ ಗಟ್ಟಿ. ನೀಲಿ ಹೊಗೆ ಆದರೆ ಆಯಿಲ್ ಸುಡುತ್ತಿದೆ, ಕಪ್ಪು ಆದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ.

ಆಮೇಲೆ ನಮ್ಮ ಮೆಕ್ಯಾನಿಕ್ ಹತ್ತಿರ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಎಷ್ಟು ಒತ್ತಡ ಹುಟ್ಟಿಸುತ್ತದೆ ಅನ್ನೋದನ್ನ ಚೆಕ್ ಮಾಡಿಸಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಸಿಕ್ಕಿಸಿ, ಸೆಲ್ಫ್ ಹೊಡೆದು ಒತ್ತಡ ನೋಡುವುದು. ನಾಲ್ಕು ಸಿಲಿಂಡರ್‌ನಲ್ಲಿ 12.1, 12.0, 11.7, 11.9 ಬಾರ್ ಬಂತು. ಅಂಕಿ ಎಷ್ಟಿದೆ ಅನ್ನೋದರ ಜೊತೆಗೆ ನಾಲ್ಕೂ ಒಂದಕ್ಕೊಂದು ಹತ್ತಿರ ಇವೆಯಾ ಅಂತ ನೋಡಬೇಕು. ಒಂದು ಮಾತ್ರ ಶೇ. 15ರಷ್ಟು ಕೆಳಗಿದ್ದರೆ ಆ ಸಿಲಿಂಡರ್ ಒಳಗೆ ಏನೋ ಆಗಿದೆ ಅಂತ. ಮೆಕ್ಯಾನಿಕ್ ಗೇಜ್ ಒರೆಸುತ್ತಾ "ಸರ್, ಎಂಜಿನ್ ನಿಮಗಿಂತ ಚೆನ್ನಾಗಿದೆ" ಅಂದ. ಅದಕ್ಕೂ ಮೂರು ದಿನ ಮೊದಲಷ್ಟೇ ನನ್ನ ಬಿಪಿ ರಿಪೋರ್ಟ್ ಬಂದಿತ್ತು. ಅವನಿಗೆ ಗೊತ್ತಿರಲಿಲ್ಲ, ಬಿಡಿ.

ಪಿಸ್ಟನ್, ವಾಲ್ವ್ ಎರಡನ್ನೂ ಒಂದಕ್ಕೊಂದು ಹೊಂದಿಕೆಯಲ್ಲಿ ಓಡಿಸುವ ಟೈಮಿಂಗ್ ಬೆಲ್ಟ್ ಬದಲಾಯಿಸಿ ಮೂರೇ ವರ್ಷ ಆಗಿತ್ತು. ಇದನ್ನ ಕಿಲೋಮೀಟರ್ ಆಗದಿದ್ದರೂ ವರ್ಷ ಆದರೆ ಬದಲಾಯಿಸಬೇಕು, ರಬ್ಬರ್ ತಾನೇ. ಬಹಳಷ್ಟು ಎಂಜಿನ್‌ಗಳಲ್ಲಿ ಆ ಬೆಲ್ಟ್ ಓಡುವಾಗ ಕಿತ್ತುಹೋದರೆ ಪಿಸ್ಟನ್ ಬಂದು ತೆರೆದಿರುವ ವಾಲ್ವ್‌ಗೆ ಬಡಿಯುತ್ತದೆ, ಆಗ ಇಟ್ಟುಕೊಳ್ಳೋದಾ ಮಾರೋದಾ ಅನ್ನೋ ಪ್ರಶ್ನೆಯೇ ಉಳಿಯಲ್ಲ. ಕ್ಲಚ್ ನಾನೇ ನೋಡಿದೆ: ಖಾಲಿ ರಸ್ತೆಯಲ್ಲಿ ಟಾಪ್ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ನಮ್ಮದು ಜಾರಲಿಲ್ಲ.

ಸರಿ, ಇಟ್ಟುಕೊಳ್ಳೋಣ ಅಂತ ಆಯಿತು. ಹೆಂಡತಿ ಒಪ್ಪಿದಳು, ಒಂದು ಷರತ್ತಿನ ಮೇಲೆ. ಮಗಳು ಡ್ರೈವಿಂಗ್ ಕಲಿಯುವ ಹೊತ್ತಿಗೆ ಮತ್ತೆ ಇದರ ಬಗ್ಗೆ ಮಾತಾಡಬೇಕು. ನಮ್ಮ ಕಾರಿನಲ್ಲಿ ಎಬಿಎಸ್ ಇತ್ತು, ಮುಂದೆ ಎರಡು ಏರ್‌ಬ್ಯಾಗ್ ಇತ್ತು, ಅಷ್ಟೇ. ಕಾರು ಜಾರಿದಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ಹಿಡಿತಕ್ಕೆ ತರುವ ಇಎಸ್‌ಸಿ ಇರಲಿಲ್ಲ, ಪಕ್ಕದ ಏರ್‌ಬ್ಯಾಗ್ ಇರಲಿಲ್ಲ. ಇದನ್ನ ನಾನು ಯಾವ ಗುಡ್ಡೆಗೂ ಹಾಕಿರಲಿಲ್ಲ, ಯಾಕೆಂದರೆ ಇದಕ್ಕೆ ಬಿಲ್ ಇಲ್ಲ. ಅವಳು ಹೇಳಿದ್ದು ಸರಿ ಅಂತ ಒಳಗೊಳಗೇ ಗೊತ್ತಿತ್ತು, ಆದರೂ ಆ ಮಾತನ್ನ ಮುಂದಕ್ಕೆ ತಳ್ಳಿದೆ.

ಒಂದು ವರ್ಷ ಆರಾಮಾಗಿ ಹೋಯಿತು.

ಆಮೇಲೆ ಮಾಮೂಲಿ ಸರ್ವಿಸ್‌ಗೆ ಬಿಟ್ಟಿದ್ದೆ. ಮಧ್ಯಾಹ್ನ ಮೆಕ್ಯಾನಿಕ್ ಫೋನ್ ಮಾಡಿ "ಒಂದ್ಸಲ ಬಂದು ನೋಡಿ ಸರ್" ಅಂದ. ಕಾರು ಲಿಫ್ಟ್ ಮೇಲಿತ್ತು. ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ತಗಡಿನ ಭಾಗ, ಅಂದರೆ ಸಿಲ್‌ನ ಹಿಂಬದಿ, ಹಿಂದಿನ ಆಕ್ಸಲ್ ಕಾರಿನ ಬಾಡಿಯನ್ನ ಸೇರುವ ಜಾಗಕ್ಕೆ ಟಾರ್ಚ್ ಬಿಟ್ಟ. ಮೇಲಿನ ಕಪ್ಪು ಲೇಪ ನೋಡೋಕೆ ಚೆನ್ನಾಗೇ ಇತ್ತು. ಸ್ಕ್ರೂಡ್ರೈವರ್‌ನ ಹಿಡಿಯಿಂದ ಮುಂದೆ ತಟ್ಟಿದ, ಟಣ್ ಅಂತು. ಒಂದು ಗೇಣು ಹಿಂದೆ ತಟ್ಟಿದ, ಸದ್ದು ಬರಲಿಲ್ಲ, ಬಿಸ್ಕತ್ತಿನ ಡಬ್ಬಿಯೊಳಗೆ ಒದ್ದೆ ರಟ್ಟು ತುಂಬಿ ತಟ್ಟಿದ ಹಾಗೆ. ಆಮೇಲೆ ತುದಿ ತಿರುಗಿಸಿ ಸುಮ್ಮನೆ ಒತ್ತಿದ. ಜೋರಾಗೇನೂ ಒತ್ತಲಿಲ್ಲ. ಒಳಗೆ ಹೋಯಿತು. ಹೊರಗೆ ಎಳೆದಾಗ ಕಂದು ಪುಡಿ ನನ್ನ ಚಪ್ಪಲಿ ಮೇಲೆ ಉದುರಿತು.

ಸಿಲ್ ಕೆಳಗೆ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕೆಸರಿನಿಂದ ಕಟ್ಟಿಕೊಂಡರೆ ನೀರು ಒಳಗೇ ನಿಂತು, ತುಕ್ಕು ಒಳಗಿನಿಂದ ಹೊರಗೆ ತಿನ್ನುತ್ತಾ ಬರುತ್ತದೆ. ಪೇಂಟ್ ಗುಳ್ಳೆ ಏಳುವುದು ಎಲ್ಲದಕ್ಕಿಂತ ಕೊನೆಗೆ. ಅಂಥ ಒಂದು ಗುಳ್ಳೆಯನ್ನ ನಾನು ಎರಡು ವರ್ಷದಿಂದ ಕಾರು ತೊಳೆಯುವಾಗೆಲ್ಲ ನೋಡುತ್ತಿದ್ದೆ, ಟಚಪ್ ಪೇಂಟ್ ಬೇರೆ ಬಳಿದಿದ್ದೆ. ಎಂಜಿನ್‌ಗೆ ಅಷ್ಟು ತಲೆಕೆಡಿಸಿಕೊಂಡವನು ಒಂದು ಸಲವೂ ಕೆಳಗೆ ಬಗ್ಗಿ ನೋಡಿರಲಿಲ್ಲ.

ಬಾಗಿಲಿಗೋ ಬಾನೆಟ್‌ಗೋ ತುಕ್ಕು ಹಿಡಿದರೆ ಅದು ಬರೀ ನೋಟದ ವಿಷಯ, ಟಿಂಕರಿಂಗ್ ಮಾಡಿಸಬಹುದು, ಬೇಕಾದರೆ ಬಿಟ್ಟುಬಿಡಬಹುದು. ಇದು ಹಾಗಲ್ಲ. ಇಂಥ ಕಾರುಗಳಿಗೆ ಬೇರೆ ಚಾಸಿಸ್ ಅಂತ ಇರುವುದಿಲ್ಲ, ಬಾಡಿಯೇ ಭಾರ ಹೊರುವುದು. ಸಿಲ್ ಅದರ ಮೂಳೆ. ಡಿಕ್ಕಿ ಆದಾಗ ಮಡಚಿಕೊಳ್ಳದೆ ನಿಲ್ಲಬೇಕಾದ ಜಾಗ ಅದು. ರಿಪೇರಿಗೆ ಎಷ್ಟಾಗುತ್ತದೆ ಅಂತ ಕೇಳಿದೆ. ಕಾರಿನ ಆಗಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಹೇಳಿದ, ಹೇಳಿ ತಕ್ಷಣ "ಕಟ್ ಮಾಡಿದ ಮೇಲೆ ಇನ್ನೂ ಜಾಸ್ತಿ ಆಗಬಹುದು" ಅಂತ ಸೇರಿಸಿದ. ಅದು ನಿಜವೇ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸುತ್ತಾ ಹೋಗಬೇಕು, ಅದು ಎಲ್ಲಿ ಸಿಗುತ್ತದೆ ಅಂತ ಮೊದಲೇ ಯಾರಿಗೂ ಗೊತ್ತಾಗಲ್ಲ.

ತಕ್ಷಣ ತಲೆಗೆ ಬಂದದ್ದು ಅಯ್ಯೋ, ಹೋದ ವರ್ಷವಷ್ಟೇ ಆಲ್ಟರ್ನೇಟರ್ ಹಾಕಿಸಿದೆ, ನಾಲ್ಕು ಹೊಸ ಟೈರ್ ಹಾಕಿಸಿದೆ ಅಂತ. ಮನಸ್ಸು ಹೀಗೇ ಆಡಿಸುತ್ತದೆ. ಆ ದುಡ್ಡು ಹೋಯಿತು, ವೆಲ್ಡಿಂಗ್ ಮಾಡಿಸಿದರೂ ವಾಪಸ್ ಬರಲ್ಲ, ಬಿಟ್ಟರೂ ಬರಲ್ಲ. ಮಗಳಿಗೂ ಲರ್ನರ್ಸ್ ಲೈಸೆನ್ಸ್ ಬಂದಾಗಿತ್ತು. ಈ ಸಲ ತಿಂಗಳು ಕಾಯಲಿಲ್ಲ, ಮನೆಗೆ ಬಂದು ಹೇಳಿದೆ, ಹತ್ತು ನಿಮಿಷದಲ್ಲಿ ತೀರ್ಮಾನ ಆಯಿತು.

ಹೊಸದು ತಗೊಳ್ಳಲಿಲ್ಲ. ಮೂರು ವರ್ಷದ ಕಾರೊಂದನ್ನು ತಗೊಂಡೆವು, ಜೋರಾಗಿ ಇಳಿಯುವ ಬೆಲೆಯನ್ನ ಮೊದಲಿನವರು ಕಟ್ಟಿದ್ದರು. ಈ ಸಲ ಮೊದಲು ಲಿಫ್ಟ್ ಮೇಲೆ ಏರಿಸಿದ್ದು, ಆಮೇಲೆ ಬಾನೆಟ್ ತೆಗೆದದ್ದು. ಒಂದೆರಡು ಸಣ್ಣ ವಿಷಯ ಹೇಳುತ್ತೇನೆ. ಟೈರಿನ ಪಕ್ಕದಲ್ಲಿ DOT ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ, ಅದರಲ್ಲಿ ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ ಹೇಳುತ್ತವೆ, ಆಮೇಲಿನ ಎರಡು ಅಂಕಿ ವರ್ಷ. 2319 ಅಂದರೆ 2019ರ 23ನೇ ವಾರ. ನಾಲ್ಕರಲ್ಲಿ ಒಂದು ಟೈರ್ ಮಾತ್ರ ಬೇರೆ ವರ್ಷದ್ದಾಗಿದ್ದರೆ ಯಾಕೆ ಅಂತ ಕೇಳಿ, ಉತ್ತರ ಪಂಕ್ಚರ್ ಕಥೆ ಇರಬಹುದು, ಗುದ್ದಿದ ಕಥೆಯೂ ಇರಬಹುದು. ಎರಡನೆಯದು, ಸ್ಟೇರಿಂಗ್ ಕೆಳಗಿನ, ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷ ಓದುವ ಓಬಿಡಿ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದಾಗ ಫಾಲ್ಟ್ ಕೋಡ್ ಇಲ್ಲ ಅಂತ ಬಂದರೆ ಖುಷಿಪಡಬೇಡಿ, ರೆಡಿನೆಸ್ ಅಂತ ಇರುತ್ತದೆ, ಕಾರು ತನ್ನನ್ನ ತಾನೇ ಪರೀಕ್ಷಿಸಿಕೊಂಡು ಮುಗಿಸಿದೆಯಾ ಅಂತ ತೋರಿಸುವುದು, ಅದನ್ನೂ ನೋಡಿ. ಅಲ್ಲಿ ಹಲವು ಪರೀಕ್ಷೆ ಪೂರ್ತಿ ಆಗಿಲ್ಲ ಅಂತಿದ್ದರೆ ಯಾರೋ ಇತ್ತೀಚೆಗೆ ಕೋಡ್ ಅಳಿಸಿರಬಹುದು, ಬರೀ ಬ್ಯಾಟರಿ ಬಿಚ್ಚಿದ್ದರೂ ಹೀಗೇ ತೋರಿಸುತ್ತದೆ. ನಾವು ನೋಡಿದ ಮೊದಲ ಕಾರು ಹೀಗೇ ಇತ್ತು. ಮಾರುವವನು ಬ್ಯಾಟರಿ ಬದಲಾಯಿಸಿದೆ ಅಂದ, ಬ್ಯಾಟರಿ ಮೇಲೆ ಧೂಳು ಬೆರಳು ದಪ್ಪ ಕೂತಿತ್ತು.

ಹಳೇದನ್ನ ಅಲ್ಲೇ ಎಕ್ಸ್‌ಚೇಂಜ್‌ಗೆ ಕೊಡಿ ಅಂತ ಒಬ್ಬ ಡೀಲರ್ ಹೇಳಿದ್ದ, ಹಳೇ ಕಾರಿಗೆ ಒಳ್ಳೆ ರೇಟೂ ಹೇಳಿದ. ಮನೆಗೆ ಬಂದು ನೋಡಿದರೆ ಮೊದಲು ಕೊಡುತ್ತೇನೆ ಅಂದಿದ್ದ ಡಿಸ್ಕೌಂಟ್ ಮಾಯ. ಆ ಕಡೆ ಕೊಟ್ಟದ್ದನ್ನ ಈ ಕಡೆ ಕಿತ್ತುಕೊಂಡಿದ್ದ. ಎಕ್ಸ್‌ಚೇಂಜ್ ಮಾಡುವುದಾದರೆ ಹಳೇದಕ್ಕೆ ಎಷ್ಟು ಅಂತ ಕೇಳಲೇಬೇಡಿ, ಕೀ ಕೊಟ್ಟು ಕೀ ತಗೊಂಡು ಕೊನೆಗೆ ನಾನು ಎಷ್ಟು ಕಟ್ಟಬೇಕು ಅಂತ ಒಂದೇ ಅಂಕಿ ಕೇಳಿ.

ನಾವೇ ಮಾರಿದೆವು. ತೊಳೆದೆ, ಒಳಗೆ ವ್ಯಾಕ್ಯೂಮ್ ಮಾಡಿದೆ, ಎಂಜಿನ್ ಮಾತ್ರ ತೊಳೆಯಲಿಲ್ಲ. ಹಳೇ ಕಾರಿನ ಎಂಜಿನ್ ಫಳಫಳ ಅಂದರೆ ಏನೋ ಸೋರಿಕೆ ಮುಚ್ಚಿದ್ದಾರೆ ಅಂತಲೇ ಅನುಮಾನ. ತುಕ್ಕು ಹಿಡಿದ ಜಾಗದ ಫೋಟೋವನ್ನ ಪಕ್ಕದಲ್ಲಿ ಕೀ ಇಟ್ಟು ತೆಗೆದು, ಜಾಹೀರಾತಿನಲ್ಲಿ ಎರಡನೇ ಫೋಟೋ ಅದನ್ನೇ ಹಾಕಿದೆ. ಒಂದು ಹಾಳೆಯಲ್ಲಿ ಕಾರಿಗಿರುವ 11 ದೋಷ ಬರೆದೆ, ಹಿಂದಿನ ಕಿಟಕಿ ಅರ್ಧಕ್ಕೆ ನಿಲ್ಲುವುದರಿಂದ ಹಿಡಿದು. ಫೋನ್ ಕಮ್ಮಿ ಬಂತು. ಆದರೆ ಬಂದವರು ಓದಿಕೊಂಡು ಬಂದರು.

ಕೊನೆಗೆ ತಗೊಂಡವನು ಸ್ವತಃ ವೆಲ್ಡಿಂಗ್ ಕೆಲಸದವನು. ಬಂದವನೇ ಮಾತಾಡದೆ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟ. ತಣ್ಣಗಿದೆಯಾ ಅಂತ. ನಾವು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಬೆಳಗಿನ ಹೊಗೆ, ಸದ್ದು ಯಾವುದೂ ಗೊತ್ತಾಗಲ್ಲ. ಅವನಿಗೆ ಗೊತ್ತಿತ್ತು, ಅವನಿಗೆ ಗೊತ್ತಿರುವುದು ನನಗೂ ಗೊತ್ತಿತ್ತು, ಇಬ್ಬರೂ ನಕ್ಕೆವು. ಕಂಪ್ರೆಷನ್ ಚೀಟಿ ನೋಡಿದ, ಹಾಳೆ ಓದಿದ, ಕೆಳಗೆ ಮಲಗಿ ತಾನೇ ತಟ್ಟಿ ನೋಡಿದ. ಚೌಕಾಸಿ ಎರಡು ಮಾತಿನಲ್ಲಿ ಮುಗಿಯಿತು.

ಕಾಗದದ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಹೆಸರು ವರ್ಗಾವಣೆ ಆಗುವವರೆಗೆ ಆ ಕಾರು ಏನು ಮಾಡಿದರೂ ಜನ ಹುಡುಕಿಕೊಂಡು ಬರುವುದು ನಮ್ಮನ್ನೇ. ಖಾಲಿ ಫಾರಂಗೆ ಸಹಿ ಹಾಕಿ ಕೊಡಲಿಲ್ಲ. ಕಾರು ಕೊಟ್ಟ ದಿನ, ಗಂಟೆ, ಓಡೋಮೀಟರ್ ಬರೆದು ಇಬ್ಬರೂ ಸಹಿ ಹಾಕಿದೆವು. ವರ್ಗಾವಣೆ ಆದ ಮೇಲೇ ವಿಮೆ ನಿಲ್ಲಿಸಿದೆ. ಸ್ಟೀರಿಯೋದಲ್ಲಿ ನಮ್ಮ ಫೋನ್ ನಂಬರ್‌ಗಳು, ನ್ಯಾವಿಗೇಷನ್‌ನಲ್ಲಿ ಮನೆ ವಿಳಾಸ ಎಲ್ಲ ಇತ್ತು, ಮಗಳು ನೆನಪು ಮಾಡಿ ಅಳಿಸಿದಳು.

ಎರಡು ವಾರ ಬಿಟ್ಟು ಕಾರು ತಗೊಂಡವನ ಫೋನ್ ಬಂತು. ಎದೆ ಧಸಕ್ಕೆಂದಿತು. "ಸಿಲ್ ಎಲ್ಲಾ ಮುಗೀತು ಸರ್, ಗಟ್ಟಿಯಾಯ್ತು. ಆದ್ರೆ ತಿರುವಿನಲ್ಲಿ ಎಡಗಡೆ ಹಿಂದಿನ ಬಾಗಿಲಲ್ಲಿ ಏನೋ ಉರುಳುತ್ತೆ, ಎಲ್ಲಾ ಬಿಚ್ಚಿ ನೋಡ್ದೆ, ಬೇರಿಂಗೂ ಅಲ್ಲ, ಶಾಕ್ ಅಬ್ಸಾರ್ಬರೂ ಅಲ್ಲ." ಅದು ಗೋಲಿ. ಮಗಳು ಚಿಕ್ಕವಳಿದ್ದಾಗ ಕಿಟಕಿಯ ಸಂದಿಯಲ್ಲಿ ಹಾಕಿದ್ದು, ಹತ್ತು ವರ್ಷದಿಂದ ಬಾಗಿಲೊಳಗೇ ಇದೆ. ನಮಗೆ ಆ ಸದ್ದು ಕೇಳಿಸುವುದೇ ನಿಂತುಹೋಗಿತ್ತು, ಹಾಳೆಯಲ್ಲಿ ಬರೆದಿರಲಿಲ್ಲ.