ಶ್ವಾಸಕೋಶದ ಗಡ್ಡೆಯಲ್ಲಿ ಸಿಡಿ8 ಕೋಶ ಎಣಿಸುವ ಕೆಲಸ

ನಾನ್-ಸ್ಮಾಲ್ ಸೆಲ್ ಶ್ವಾಸಕೋಶ ಕ್ಯಾನ್ಸರ್‌ನಲ್ಲಿ, ಆಪರೇಷನ್ ಮಾಡಿ ತೆಗೆದ ಗಡ್ಡೆಯೊಳಗೆ ಸಿಡಿ8 ಟಿ ಕೋಶಗಳು (ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ರೋಗನಿರೋಧಕ ಕೋಶಗಳು) ದಟ್ಟವಾಗಿದ್ದವರು ಸರಾಸರಿ ಹೆಚ್ಚು ಕಾಲ ಬದುಕುತ್ತಾರೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಎಣಿಕೆ ಹದಗೆಟ್ಟರೆ ಈ ಸಂಬಂಧ ಕಾಣದೇ ಹೋಗುತ್ತದೆ, ಇಲ್ಲವೇ ಸುಳ್ಳು ಸಂಬಂಧ ಹುಟ್ಟಿಕೊಳ್ಳುತ್ತದೆ. ನಮ್ಮ ಲ್ಯಾಬಿನ ಕ್ರಮ ಹೀಗಿದೆ.

ಗಾಳಿ ತುಂಬಿದ ಶ್ವಾಸಕೋಶ ಫಾರ್ಮಲಿನ್‌ನಲ್ಲಿ ತೇಲುತ್ತದೆ, ಮೇಲ್ಭಾಗ ಸರಿಯಾಗಿ ಫಿಕ್ಸ್ ಆಗುವುದಿಲ್ಲ, ಅಂದರೆ ಕೆಡದಂತೆ ಗಟ್ಟಿಯಾಗುವುದಿಲ್ಲ. ಹಾಗಾಗಿ ಸುಮಾರು ಅರ್ಧ ಸೆಂ.ಮೀ. ದಪ್ಪಕ್ಕೆ ಹೋಳು ಮಾಡಿ, ಹತ್ತುಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಿ, ಮೇಲೆ ಗಾಜ್ ಬಟ್ಟೆ ಹೊದಿಸುತ್ತೇವೆ. ಸ್ಲೈಡಿಗೆ ಕತ್ತರಿಸುವ ತೆಳು ಪದರ, ಅಂದರೆ ಸೆಕ್ಷನ್, 4 ಮೈಕ್ರಾನ್. ಫಾರ್ಮಲಿನ್ ಮರೆಮಾಡಿದ ಸಿಡಿ8 ಪ್ರೋಟೀನ್ ಮತ್ತೆ ತೆರೆದುಕೊಳ್ಳಲು ಪಿಎಚ್ 9ರ ಟ್ರಿಸ್-ಇಡಿಟಿಎ ದ್ರಾವಣದಲ್ಲಿ 95 ಡಿಗ್ರಿ ಆಸುಪಾಸಿನಲ್ಲಿ 20 ನಿಮಿಷ, ನಂತರ ಬೇಡದ ಕಡೆ ಬಣ್ಣ ಬರದಂತೆ 3% ಹೈಡ್ರೋಜನ್ ಪೆರಾಕ್ಸೈಡ್ 10 ನಿಮಿಷ, ಆಮೇಲೆ ಸಿಡಿ8ಗೆ ಅಂಟಿಕೊಳ್ಳುವ ಸಿ8/144ಬಿ ಕ್ಲೋನ್‌ನ (ತಳಿಯ) ಆಂಟಿಬಾಡಿ. ಬಣ್ಣ ಸರಿಯಾಗಿ ಬಂದಿದೆಯೇ ಎಂದು ನೋಡಲು ಪ್ರತಿ ಬ್ಯಾಚಿನಲ್ಲೂ ಒಂದು ಟಾನ್ಸಿಲ್ ಸ್ಲೈಡ್ ಇರಲೇಬೇಕು. ಅದರಲ್ಲಿ ಫಾಲಿಕಲ್‌ಗಳ (ಬಿ ಕೋಶಗಳ ದುಂಡು ಗುಂಪುಗಳ) ನಡುವಿನ ಜಾಗ ಬಣ್ಣ ಹಿಡಿದು, ಫಾಲಿಕಲ್‌ನ ನಡುಭಾಗವಾದ ಜರ್ಮಿನಲ್ ಸೆಂಟರ್ ಬಹುಪಾಲು ಖಾಲಿ ಕಾಣಬೇಕು.

ಹೆಚ್ಚು ಕಾಡುವುದು ಇಂಗಾಲದ ಮಸಿ. ಬೀಡಿ ಸೇದಿದವರ, ಒಲೆ ಹೊಗೆ ಕುಡಿದವರ ಶ್ವಾಸಕೋಶದಲ್ಲಿ ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕೋಶಗಳು ಮಸಿ ನುಂಗಿ ಕೂತಿರುತ್ತವೆ. ಹಳೆಯ ರಕ್ತಸ್ರಾವವಾದ ಕಡೆ ರಕ್ತದ ಕಬ್ಬಿಣದಿಂದಾಗುವ ಹಿಮೋಸಿಡೆರಿನ್‌ನ ಹೊಂಬಣ್ಣವೂ ಸೇರುತ್ತದೆ. ಆಂಟಿಬಾಡಿ ಅಂಟಿದ ಜಾಗವನ್ನು ತೋರಿಸುವ ಕಂದು ಬಣ್ಣದ ಡಿಎಬಿ ಜೊತೆ ಇವೆರಡೂ ಬೆರೆತರೆ ಎಣಿಸುವ ಸಾಫ್ಟ್‌ವೇರ್ ಎಲ್ಲವನ್ನೂ ಎಣಿಸಿಬಿಡುತ್ತದೆ. ನಿಜವಾದ ಸಿಡಿ8 ಕೋಶದ ಪೊರೆಯ ಸುತ್ತ ಉಂಗುರದಂತೆ ಬಣ್ಣವಿರುತ್ತದೆ. ಮಸಿ ಕೋಶದೊಳಗೆ ಕರಿ ಕಾಳುಗಳಾಗಿರುತ್ತದೆ. ಮಸಿ ಜಾಸ್ತಿ ಇರುವ ಬ್ಲಾಕಿಗೆ (ಮೇಣದಲ್ಲಿ ಕೂರಿಸಿದ ಗಡ್ಡೆಯ ತುಂಡಿಗೆ) ನಾವು ಡಿಎಬಿ ಬದಲು ಕೆಂಪು ಬಣ್ಣದ ಎಇಸಿ ಬಳಸುತ್ತೇವೆ. ಅದು ಆಲ್ಕೋಹಾಲಿನಲ್ಲಿ ಕರಗುತ್ತದೆ, ಆದ್ದರಿಂದ ಸ್ಲೈಡಿನ ಮೇಲೆ ಗಾಜು ಕೂರಿಸಲು ನೀರು ಆಧಾರಿತ ಮೌಂಟೆಂಟ್ (ಅಂಟು) ಬೇಕು.

ಎಲ್ಲಿ ಎಣಿಸಬೇಕು ಎಂಬುದೇ ಅರ್ಧ ಕೆಲಸ. ಕ್ಯಾನ್ಸರ್ ಕೋಶಗಳ ಗುಂಪಿನೊಳಗೆ ಒಂದು ಲೆಕ್ಕ, ಸುತ್ತಲಿನ ಸ್ಟ್ರೋಮಾಗೆ (ಗಡ್ಡೆಯ ಆಧಾರ ಅಂಗಾಂಶಕ್ಕೆ) ಇನ್ನೊಂದು ಲೆಕ್ಕ, ಎರಡನ್ನೂ ಕೂಡಿಸಬಾರದು. ಸ್ಟ್ರೋಮಾದಲ್ಲೇ ತಡೆದು ನಿಂತ ಟಿ ಕೋಶಗಳು, ಗಡ್ಡೆಯೊಳಗೆ ನುಗ್ಗಿದವು ಒಂದೇ ಅಲ್ಲ. ಕೊಳೆತ ಭಾಗ, ಶ್ವಾಸನಾಳ ಕಟ್ಟಿಕೊಂಡು ಆದ ನ್ಯುಮೋನಿಯಾದ ಜಾಗ, ಅಂಟಿಕೊಂಡ ಲಿಂಫ್ ನೋಡ್ ಲೆಕ್ಕಕ್ಕಿಲ್ಲ. ಆಪರೇಷನ್‌ಗೆ ಮುಂಚೆ ಕೀಮೋ ಪಡೆದವರ ಗಡ್ಡೆಯನ್ನು ಬೇರೆಯೇ ಇಡಬೇಕು. ಸೂಜಿ ಬಯಾಪ್ಸಿಯ ಸಣ್ಣ ಚೂರನ್ನು ನಂಬಿ ಸಾಂದ್ರತೆ ಹೇಳುವುದು ನನಗೆ ಒಪ್ಪಿಗೆಯಿಲ್ಲ.

‘ಒಂದು ಫೀಲ್ಡಿಗೆ (ಸೂಕ್ಷ್ಮದರ್ಶಕದಲ್ಲಿ ಒಮ್ಮೆಗೆ ಕಾಣುವ ವೃತ್ತಕ್ಕೆ) ಇಷ್ಟು’ ಎಂದು ಬರೆದರೆ ಇನ್ನೊಂದು ಲ್ಯಾಬಿಗೆ ಉಪಯೋಗವಿಲ್ಲ. 40ಎಕ್ಸ್ ಆಬ್ಜೆಕ್ಟಿವ್‌ಗೆ ಫೀಲ್ಡ್ ನಂಬರ್ 22ರ ಐಪೀಸ್ ಇದ್ದರೆ ವ್ಯಾಸ 0.55 ಮಿ.ಮೀ., ವಿಸ್ತೀರ್ಣ ಸುಮಾರು 0.24 ಚದರ ಮಿ.ಮೀ. ಅದರಿಂದ ಭಾಗಿಸಿ ಚದರ ಮಿ.ಮೀ.ಗೆ ಎಷ್ಟು ಎಂದು ಕೊಡಬೇಕು. ಎಣಿಸುವವರು ಇಬ್ಬರಿರಲಿ, ರೋಗಿ ಏನಾದರು ಎಂಬುದು ಇಬ್ಬರಿಗೂ ಗೊತ್ತಿರಬಾರದು.

ಹೆಚ್ಚು-ಕಡಿಮೆ ಎಂದು ವಿಂಗಡಿಸುವ ಗೆರೆಯನ್ನು ಬದುಕುಳಿದ ಲೆಕ್ಕ ತೆರೆಯುವ ಮೊದಲೇ ಬರೆದಿಡಬೇಕು. ನಮ್ಮಲ್ಲಿ ಅದು ಮೀಡಿಯನ್, ಅಂದರೆ ಎಲ್ಲ ಎಣಿಕೆಗಳ ನಟ್ಟನಡುವಿನ ಬೆಲೆ. ಒಂದೊಂದೇ ಗೆರೆ ಜರುಗಿಸುತ್ತಾ ಅತಿ ಸಣ್ಣ ಪಿ-ಮೌಲ್ಯ (ಸಣ್ಣದಾದಷ್ಟೂ ಫಲಿತಾಂಶ ಆಕಸ್ಮಿಕವಲ್ಲ ಎಂದು ಸೂಚಿಸುವ ಅಂಕಿ) ಹುಡುಕಿದರೆ ಯಾವ ಕೋಶಕ್ಕೂ ‘ಮಹತ್ವ’ ಸಿಗುತ್ತದೆ. ಬದುಕುಳಿಯುವ ಕಾಲಕ್ಕೆ ಯಾವ ಅಂಶ ಎಷ್ಟು ಕಾರಣ ಎಂದು ಲೆಕ್ಕ ಹಾಕುವ ಕಾಕ್ಸ್ ಮಾದರಿಯಲ್ಲಿ ಸ್ಟೇಜ್ (ರೋಗದ ಹಂತ) ಮತ್ತು ವಯಸ್ಸು ಇರಲೇಬೇಕು, ಒಂದೊಂದು ಅಂಶಕ್ಕೆ ಕನಿಷ್ಠ ಹತ್ತು ಸಾವುಗಳಾದರೂ ದಾಖಲಾಗಿರಬೇಕು. ಫಾಲೋಅಪ್‌ಗೆ ಬಾರದೆ ಹೋದವರನ್ನು ಬದುಕಿದ್ದಾರೆ ಎಂದು ಕೊನೆಯ ತಾರೀಖಿನವರೆಗೆ ಎಳೆಯಬಾರದು. ಕೊನೆಯ ಬಾರಿ ಆಸ್ಪತ್ರೆಗೆ ಬಂದ ದಿನಕ್ಕೇ ಸೆನ್ಸಾರ್ ಮಾಡಬೇಕು, ಅಂದರೆ ಅವರ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಬೇಕು.